ಕಿವಿ ಚುಚ್ಚಿಸಿದ ಮೇಲೆ ಆಟ ಆಡುವುದು ಹೇಗೆ?

ಕಿವಿ ಚುಚ್ಚಿಸಿ ಹನ್ನೆರಡು ದಿನ ಆಗಿತ್ತು. ಒಂದೂವರೆ ಗಂಟೆ ಬ್ಯಾಸ್ಕೆಟ್‌ಬಾಲ್ ಅಭ್ಯಾಸ ಮುಗಿಸಿದರೂ ಕಿವಿಗೆ ಏನೂ ಆಗಿರಲಿಲ್ಲ. ಆಮೇಲೆ ಬಟ್ಟೆ ಬದಲಿಸಲು ಹೋಗಿ, ಬೆವರಿಗೆ ಮೈಗಂಟಿದ್ದ ಜೆರ್ಸಿಯನ್ನು ಸರ್ರನೆ ತಲೆ ಮೇಲಿಂದ ಎಳೆದೆ. ಕಿವಿಗೆ ಹಾಕಿದ್ದ ಸ್ಟಡ್ ಓಲೆಯ ಕಲ್ಲಿಗೆ ನೂಲೊಂದು ಸಿಕ್ಕಿಕೊಂಡಿತ್ತು. ಕಣ್ಣಲ್ಲಿ ನೀರು, ಜೆರ್ಸಿ ಮೇಲೆ ಎರಡು ಹನಿ ರಕ್ತ. ಮಾಯುತ್ತಿದ್ದ ಗಾಯ ಮತ್ತೆ ಮೊದಲ ದಿನಕ್ಕೆ ಬಂತು.

ಆಟಗಾರರೆಲ್ಲ ಸಾಮಾನ್ಯವಾಗಿ ಕೇಳುವುದು, ‘ಓಲೆ ಮೇಲೆ ಏನು ಅಂಟಿಸಿಕೊಂಡು ಆಡಲಿ?’ ಅಂತ. ಆ ಪ್ರಶ್ನೆ ಬರುವ ಹೊತ್ತಿಗೆ ಅರ್ಧ ತಪ್ಪು ಆಗಿಹೋಗಿರುತ್ತದೆ. ಯಾವಾಗ ಚುಚ್ಚಿಸಬೇಕು ಅನ್ನೋದನ್ನು ಮೊದಲೇ ಯೋಚಿಸಿದ್ದರೆ ಟೇಪಿನ ಮಾತೇ ಬೇಕಿರಲಿಲ್ಲ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಕಿವಿಯ ಹಾಲೆ ಮಾಯಲು ಸುಮಾರು 6ರಿಂದ 8 ವಾರ ಬೇಕು. ಮೇಲಿನ ಗಟ್ಟಿ ಭಾಗ, ಅಂದರೆ ಕಾರ್ಟಿಲೇಜ್, ಆರು ತಿಂಗಳಿಂದ ಒಂದು ವರ್ಷದವರೆಗೂ ತೆಗೆದುಕೊಳ್ಳಬಹುದು. ಅಲ್ಲಿ ರಕ್ತದ ಓಡಾಟ ಕಡಿಮೆ, ಹಾಗಾಗಿ ಎಲ್ಲವೂ ನಿಧಾನ. ಹೊಸ ತೂತಿನಿಂದ ಓಲೆ ತೆಗೆದಿಟ್ಟರೆ ಕೆಲವರಿಗೆ ಕೆಲವೇ ಗಂಟೆಗಳಲ್ಲಿ ಅದು ಮುಚ್ಚಿಕೊಳ್ಳಲು ಶುರುವಾಗುತ್ತದೆ.

ಇತ್ತ ಆಟದ ನಿಯಮ ನೋಡಿ. ಫುಟ್‌ಬಾಲ್‌ನ 4ನೇ ನಿಯಮದ ಪ್ರಕಾರ ಮೈಮೇಲಿನ ಆಭರಣವನ್ನೆಲ್ಲ ತೆಗೆಯಲೇಬೇಕು. ಟೇಪ್ ಹಾಕಿ ಮುಚ್ಚಿಕೊಳ್ಳುವುದಕ್ಕೂ ಅವಕಾಶವಿಲ್ಲ ಅಂತ ಅದರಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್‌ನಲ್ಲೂ ಆಭರಣ ಹಾಕಿಕೊಂಡು ಆಡುವಂತಿಲ್ಲ. ತೆಗೆದರೆ ತೂತು ಮುಚ್ಚುತ್ತದೆ, ತೆಗೆಯದಿದ್ದರೆ ರೆಫರಿ ಹೊರಗೆ ಕಳಿಸುತ್ತಾರೆ. ಫಜೀತಿ ಅಲ್ವಾ?

ಅದಕ್ಕೇ ಸೀಸನ್ನಿನ ಕೊನೆಯ ಪಂದ್ಯ ಮುಗಿದ ಕೂಡಲೇ ಚುಚ್ಚಿಸಿಕೊಳ್ಳಿ. ಹಾಲೆಗಾದರೆ ಎರಡು ತಿಂಗಳ ಬಿಡುವು ಸಾಕು. ಆಮೇಲೂ ಮೊದಲ ಕೆಲವು ತಿಂಗಳು ಪಂದ್ಯಕ್ಕೆಂದು ತೆಗೆದ ಓಲೆಯನ್ನು ಆಟ ಮುಗಿದ ತಕ್ಷಣ ಕೈ ತೊಳೆದು ವಾಪಸ್ ಹಾಕಿಬಿಡಿ, ರಾತ್ರಿಯವರೆಗೆ ಬಿಡಬೇಡಿ. ಇನ್ನು ವರ್ಷವಿಡೀ ಪಂದ್ಯ ಆಡುವವರು ಕಾರ್ಟಿಲೇಜ್ ಚುಚ್ಚಿಸುವ ಆಸೆಯನ್ನು ಸದ್ಯಕ್ಕೆ ಬಿಡುವುದೇ ವಾಸಿ ಅಂತ ನನ್ನ ಅಭಿಪ್ರಾಯ.

ಓಲೆ ಹೇಗಿರಬೇಕು?

ನುಣುಪಾಗಿರಬೇಕು, ಚಿಕ್ಕದಾಗಿರಬೇಕು. ಕಲ್ಲು ಹಿಡಿದಿಡುವ ಸಣ್ಣ ಕೊಕ್ಕೆಗಳಿದ್ದರೆ ಬಟ್ಟೆ, ಕೂದಲು ಎಲ್ಲವೂ ಅದಕ್ಕೇ ಸಿಗುತ್ತವೆ. ರಿಂಗ್ ಅಂತೂ ಬೇಡವೇ ಬೇಡ, ಯಾರದ್ದೋ ಬೆರಳು ಅದರೊಳಗೆ ಹೋದರೆ ಕಥೆ ಮುಗಿಯಿತು.

ಹಿಂಬದಿಯನ್ನೂ ನೋಡಿಕೊಳ್ಳಿ. ಚಿಟ್ಟೆಯ ರೆಕ್ಕೆಯಂತೆ ಮಡಿಸಿದ ಹಿಂಬಿಲ್ಲೆ ಇದ್ದರೆ ಅದರ ಮಡಿಕೆಯಲ್ಲಿ ಬೆವರು, ಕೊಳೆ ಕೂರುತ್ತದೆ. ಕಿವಿಗೆ ಚೆಂಡು ಬಡಿದರೆ ಕಡ್ಡಿಯ ತುದಿ ಕಿವಿ ಹಿಂದಿನ ಚರ್ಮಕ್ಕೆ ಚುಚ್ಚುತ್ತದೆ. ಹಿಂದೆ ಚಪ್ಪಟೆ ಬಿಲ್ಲೆ ಇರುವ ಟೈಟಾನಿಯಂ ಸ್ಟಡ್ ಕೇಳಿ ಹಾಕಿಸಿಕೊಳ್ಳಿ. ಅಗ್ಗದ ಲೋಹದಲ್ಲಿ ನಿಕ್ಕಲ್ ಇದ್ದರೆ ಬೆವರು ಅದನ್ನು ಹೊರಗೆಳೆಯುತ್ತದೆ, ಕೆಲವರಿಗೆ ತುರಿಕೆ ಶುರುವಾಗುತ್ತದೆ.

ಇನ್ನೊಂದು ವಿಷಯ ಬಹಳ ಮಂದಿ ಮರೆಯುತ್ತಾರೆ. ಊತಕ್ಕೆ ಜಾಗ ಇರಲಿ ಅಂತ ಮೊದಲು ಉದ್ದ ಕಡ್ಡಿಯ ಸ್ಟಡ್ ಹಾಕಿರುತ್ತಾರೆ. ಊತ ಇಳಿದ ಮೇಲೆ ಅದು ಸುಮ್ನೆ ಹೊರಗೆ ಚಾಚಿಕೊಂಡು ಸಿಕ್ಕಿದ್ದಕ್ಕೆಲ್ಲ ತಗಲುತ್ತದೆ. ಚುಚ್ಚಿದವರ ಹತ್ತಿರವೇ ಹೋಗಿ ಗಿಡ್ಡದ್ದು ಹಾಕಿಸಿಕೊಳ್ಳಿ.

ಯಾವ ಆಟ ಸರಿ, ಯಾವುದು ಬೇಡ

ಮೊದಲ ಎರಡು ಮೂರು ದಿನ ವಿಶ್ರಾಂತಿ. ಆಮೇಲೆ ಓಟ, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್ ಆಡಬಹುದು. ಕುಸ್ತಿ, ಜೂಡೊ, ಕಬಡ್ಡಿ, ರಗ್ಬಿ ಮಾತ್ರ ಪೂರ್ತಿ ಮಾಯುವವರೆಗೂ ಬೇಡ. ಫುಟ್‌ಬಾಲ್ ಅಭ್ಯಾಸಕ್ಕೆ ಹೋಗುವುದಾದರೆ ಕೋಚ್‌ಗೆ ಮೊದಲೇ ಹೇಳಿ, ಪಾಸ್ ಕೊಡುವುದು, ಓಡುವುದು ಇಷ್ಟರಲ್ಲೇ ಇರಿ. ತಲೆಯಿಂದ ಚೆಂಡು ಹೊಡೆಯುವ ಸಾಹಸ ಬೇಡ. ಹೆಲ್ಮೆಟ್ ಹಾಕುವ ಆಟವಾದರೆ ಪಟ್ಟಿಗಳನ್ನು ಎರಡೂ ಕೈಯಿಂದ ಅಗಲಿಸಿಕೊಂಡು ಹಾಕಿ, ಹಾಗೆಯೇ ತೆಗೆಯಿರಿ.

ಈಜು ಬೇಡ. ಕೊಳ, ಹೊಳೆ, ಸಮುದ್ರ ಯಾವುದೂ ಬೇಡ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಇರುವುದೇ ನೀರು, ತೇವ ಇರುವ ಕಡೆ. ಕಿವಿಯ ಗಟ್ಟಿ ಭಾಗಕ್ಕೆ ಅದರ ಸೋಂಕು ತಗಲಿ ಬಲಿತರೆ ಕಿವಿಯ ಆಕಾರವೇ ಕೆಡಬಹುದು. ನೀರು ತಾಗದ ಡ್ರೆಸ್ಸಿಂಗ್ ಹಾಳೆಗಳು ಸಿಗುತ್ತವೆ, ನಿಜ. ಕಿವಿಯ ಅಂಕುಡೊಂಕಿನ ಮೇಲೆ ಅವು ಬಿಗಿಯಾಗಿ ಕೂರುವುದು ಕಷ್ಟ.

ಇನ್ನು ಟೇಪ್. ಅಭ್ಯಾಸದ ದಿನ ಸ್ವಚ್ಛವಾದ ಗಾಜ್ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ತುಂಡಿಟ್ಟು ಮೇಲೆ ಗಾಯಕ್ಕೆ ಹಾಕುವ ಪೇಪರ್ ಟೇಪ್ ಹಾಕಿದರೆ ಉಜ್ಜುವುದು, ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ. ಜೋರಾದ ಪೆಟ್ಟನ್ನು ಅದು ತಡೆಯುವುದಿಲ್ಲ. ಆಟ ಮುಗಿದ ಕೂಡಲೇ ಕಿತ್ತು ಬಿಸಾಕಿ, ಅದರಡಿ ಬೆವರು ನಿಂತಿರುತ್ತದೆ.

ಆಟ ಮುಗಿದ ಮೇಲಿನ ಹತ್ತು ನಿಮಿಷ

ನಾನು ಎಡವಿದ್ದು ಇಲ್ಲೇ. ಈಗ ಅವಸರ ಮಾಡುವುದಿಲ್ಲ. ಮೊದಲು ಸೋಪು ಹಾಕಿ ಕೈ ತೊಳೆಯುತ್ತೇನೆ. ಆಮೇಲೆ ಜೆರ್ಸಿಯ ಕತ್ತನ್ನು ಎರಡೂ ಕೈಯಿಂದ ಅಗಲಕ್ಕೆ ಎಳೆದು ಹಿಡಿದು, ಬಟ್ಟೆ ಕಿವಿಗೆ ತಾಗದಂತೆ ಮೆಲ್ಲಗೆ ಮೇಲೆತ್ತುತ್ತೇನೆ. ಮುಂದೆ ಜಿಪ್ ಇರುವ ಅಂಗಿಯಾದರೆ ಈ ಸರ್ಕಸ್ ಬೇಕಿಲ್ಲ.

ನಂತರ ಹರಿಯುವ ಶುದ್ಧ ನೀರಲ್ಲಿ ಬೆವರು ತೊಳೆದು, ಸಲೈನ್, ಅಂದರೆ ಗಾಯ ತೊಳೆಯುವ ಉಪ್ಪು ನೀರು ಹಾಕಿ. 0.9 ಶೇಕಡಾ ಉಪ್ಪಿನ, ಕ್ರಿಮಿರಹಿತ ಸಲೈನ್ ಸ್ಪ್ರೇ ಸಿಕ್ಕರೆ ಅದೇ ಒಳ್ಳೆಯದು. ಇಲ್ಲದಿದ್ದರೆ ಕುದಿಸಿ ಆರಿಸಿದ 240 ಮಿಲಿ ನೀರಿಗೆ ಅಯೋಡಿನ್ ಇಲ್ಲದ ಉಪ್ಪು ಕಾಲು ಟೀ ಚಮಚ. ಉಪ್ಪು ಜಾಸ್ತಿ ಹಾಕಿದರೆ ಚರ್ಮ ಒಣಗಿ ಉರಿಯುತ್ತದೆ ಅಷ್ಟೇ. ಒರೆಸಲು ಟವೆಲ್ ಬೇಡ, ಅದರ ನೂಲಿನ ಕುಣಿಕೆಗಳು ಸ್ಟಡ್‌ಗೆ ಸಿಗುತ್ತವೆ. ಗಾಜ್ ಅಥವಾ ಟಿಶ್ಯೂ ಒತ್ತಿ ತೇವ ತೆಗೆಯಿರಿ.

ಓಲೆಯನ್ನು ತಿರುಗಿಸುತ್ತಾ ಇರಬೇಕು ಅನ್ನೋದು ಹಳೆಯ ಮಾತು. ತಿರುಗಿಸಿದಷ್ಟೂ ಒಳಗಿನ ಎಳೆ ಚರ್ಮ ಹರಿಯುತ್ತದೆ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹಾಗೇ, ಮಾಯುವ ಚರ್ಮವನ್ನೇ ಸುಡುತ್ತವೆ. ಒಣಗಿದ ಹಕ್ಕಳೆಯನ್ನು ಉಗುರಿಂದ ಕೀಳಬೇಡಿ, ಸಲೈನ್‌ನಲ್ಲಿ ನೆನೆದರೆ ತಾನೇ ಬರುತ್ತದೆ.

ಡಾಕ್ಟರ ಹತ್ತಿರ ಯಾವಾಗ?

ಮೊದಲ ದಿನಗಳಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಊತ, ತಿಳಿಯಾದ ರಸಿಗೆ ಇದ್ದದ್ದೇ. ದಿನ ಕಳೆದಂತೆ ನೋವು ಏರುತ್ತಿದ್ದರೆ, ಕಿವಿ ಬಿಸಿಯಾಗಿದ್ದರೆ, ಗಟ್ಟಿ ಕೀವು ಅಥವಾ ಜ್ವರ ಬಂದರೆ ಹೋಗಿ ತೋರಿಸಿ. ಹಾಲೆ ಸರಿಯಾಗಿದ್ದು ಮೇಲ್ಭಾಗ ಮಾತ್ರ ಕೆಂಪಗೆ ಊದಿಕೊಂಡು ಮುಟ್ಟಿದರೆ ನೋಯುತ್ತಿದ್ದರೆ ಅವತ್ತೇ ಹೋಗಿ. ಅಲ್ಲಿಯವರೆಗೆ ಓಲೆಯನ್ನು ನೀವಾಗಿ ಕೀಳಬೇಡಿ. ತೂತು ಮುಚ್ಚಿದರೆ ಕೀವು ಒಳಗೇ ಉಳಿಯಬಹುದು.

ಎಳೆತಕ್ಕೆ ಹಾಲೆ ಹರಿದರೆ ಸ್ವಚ್ಛವಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಅಂಚಿನವರೆಗೂ ಸೀಳಿದ್ದರೆ ಅವತ್ತೇ ಹೊಲಿಗೆ ಹಾಕಿಸಬೇಕು. ಮತ್ತೆ ಚುಚ್ಚಿಸುವುದು ಕೆಲವು ತಿಂಗಳ ನಂತರದ ಮಾತು, ಅದೂ ಹೊಲಿಗೆಯ ಗುರುತಿನ ಮೇಲಲ್ಲ, ಪಕ್ಕದಲ್ಲಿ.