ಹರಳಿಗೆ ಮುಖ ಕೊರೆಯುವ ಹವ್ಯಾಸ: ಯಂತ್ರ ಕೊಳ್ಳುವ ಮುನ್ನ

ಹೊಳಲ್ಕೆರೆ ಕಡೆಯ ಘಟ್ಟಿಹೊಸಹಳ್ಳಿಯಿಂದ ಹಸಿರು ಕಲ್ಲಿನ ತುಣುಕೊಂದನ್ನು ತಂದು, ಇದಕ್ಕೆ ಮುಖ ಕೊರೆಯಲು ಯಾವ ಯಂತ್ರ ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು, ಆ ಕಲ್ಲಿಗೆ ಈ ಯಂತ್ರವೇ ಬೇಕಿಲ್ಲ ಎಂದು. ಕ್ರೋಮಿಯಂ ಇರುವ ಅಭ್ರಕದಿಂದ ಹಸಿರಾದ ಆ ಕ್ವಾರ್ಟ್‌ಜೈಟ್ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗುಮ್ಮಟದಂತೆ ಉಜ್ಜಿ ನುಣುಪು ಮಾಡಿದರೆ ಅದಕ್ಕೆ ಅಷ್ಟೇ ಸಾಕು. ಮುಖ ಕೊರೆಯುವುದು, ಅಂದರೆ ಫ್ಯಾಸೆಟಿಂಗ್, ಪಾರದರ್ಶಕ ಹರಳಿನ ಕೆಲಸ. ಮೇಲಿನಿಂದ ಒಳಹೊಕ್ಕ ಬೆಳಕು ತಳದ ಮುಖಗಳಿಗೆ ಬಡಿದು ಮರಳಿ ಕಣ್ಣಿಗೆ ಬರಬೇಕಾದರೆ ಆ ಮುಖಗಳ ಕೋನ ಸರಿಯಿರಬೇಕು. ಸ್ಫಟಿಕದ (ಕ್ವಾರ್ಟ್ಜ್) ಗಡಿಕೋನ, ಅಂದರೆ ಯಾವ ಕೋನ ಮೀರಿದರೆ ಬೆಳಕು ಹೊರಗೆ ಸೋರದೆ ಪೂರ್ತಿ ಮರಳುತ್ತದೋ ಆ ಕೋನ, ಸುಮಾರು 40.4 ಡಿಗ್ರಿ. ತಳದ ಮುಖ್ಯ ಮುಖಗಳನ್ನು 42 ಅಥವಾ 43 ಡಿಗ್ರಿಗೆ ಕೊರೆದರೆ ಹರಳು ಹೊಳೆಯುತ್ತದೆ. 39ಕ್ಕೆ ಇಳಿಸಿದರೆ ನಡುಭಾಗ ಕಿಟಕಿಯಂತಾಗಿ, ಕೆಳಗಿಟ್ಟ ಪತ್ರಿಕೆಯ ಅಕ್ಷರವೇ ಕಾಣುತ್ತದೆ. ಎರಡು ಮೂರು ಡಿಗ್ರಿಯಲ್ಲಿ ಹರಳಿನ ಹಣೆಬರಹ ತೀರ್ಮಾನವಾಗುವುದರಿಂದ, ನಿಮ್ಮ ಹಣ ಮೋಟಾರಿನ ಶಕ್ತಿಗಿಂತ ಹೆಚ್ಚಾಗಿ ಕೋನವನ್ನು ಅಲುಗದಂತೆ ಹಿಡಿಯುವ ಭಾಗಗಳಿಗೆ ಹೋಗಬೇಕು.

ಆ ಭಾಗಗಳೆಂದರೆ ನೆಟ್ಟಗೆ ನಿಲ್ಲುವ ಕಂಬವಾದ ಮಾಸ್ಟ್, ಹರಳನ್ನು ಅಂಟಿಸಿದ ಡಾಪ್ ಕಡ್ಡಿಯನ್ನು ಕಚ್ಚಿಕೊಳ್ಳುವ ಕ್ವಿಲ್ ಮತ್ತು ಹರಳನ್ನು ಅಳತೆಯಂತೆ ತಿರುಗಿಸುವ ಇಂಡೆಕ್ಸ್ ಗೇರ್. ನಾನು ಮೊದಲು ಕೊಂಡದ್ದು ಯಾರೋ ಬಳಸಿದ ಹಳೆಯ ಯಂತ್ರ. ಅದರಲ್ಲಿ ಕೊರೆದ ಎಂಟು ಮುಖಗಳ ಪೈಕಿ ಏಳು ತುದಿಯಲ್ಲಿ ಕೂಡುತ್ತಿದ್ದವು, ಎಂಟನೆಯದು ಮಾತ್ರ ಕೂದಲೆಳೆಯಷ್ಟು ದೂರ ಉಳಿಯುತ್ತಿತ್ತು. ಕೈಯ ತಪ್ಪೆಂದು ಮೂರು ತಿಂಗಳು ನನ್ನನ್ನೇ ಬೈದುಕೊಂಡ ಮೇಲೆ ಕ್ವಿಲ್‌ನ ಬೇರಿಂಗ್ ಸಡಿಲವಾಗಿರುವುದು ಗೊತ್ತಾಯಿತು. ಆದ್ದರಿಂದ ಹಣ ಕೊಡುವ ಮುನ್ನ, ದಾವಣಗೆರೆಯ ಪರಿಚಯದ ಲೇತ್ ವರ್ಕ್‌ಶಾಪ್ ಒಂದರಿಂದ ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಕೇಳಿ ತಂದು, ಡಾಪ್‌ನ ತುದಿಗೆ ಅದನ್ನು ತಾಗಿಸಿ ಬೆರಳಿನಿಂದ ಪಕ್ಕಕ್ಕೆ ಒತ್ತಿ ನೋಡಿ. ಬೆರಳು ತೆಗೆದಾಗ ಮುಳ್ಳು ಮೊದಲಿದ್ದ ಜಾಗಕ್ಕೇ ಮರಳಬೇಕು. ತಿರುಗುವ ತಟ್ಟೆಯ ಮೇಲೂ ಅದೇ ಗೇಜನ್ನು ಇಟ್ಟು, ತಟ್ಟೆ ಮೇಲೆಕೆಳಗೆ ತೂಗಾಡುವುದೇ ಎಂದು ಪರೀಕ್ಷಿಸಿ. 96 ಹಲ್ಲಿನ ಗೇರ್ ಒಂದಿದ್ದರೆ ಹೆಚ್ಚಿನ ವಿನ್ಯಾಸಗಳಿಗೆ ಸಾಕು. ಸುತ್ತ ಐದು ಸಮಭಾಗಗಳಿರುವ ವಿನ್ಯಾಸಕ್ಕೆ 80 ಹಲ್ಲಿನದು ಬೇಕಾಗುತ್ತದೆ, ಆದರೆ ಅದನ್ನು ಮುಂದೆ ಕೊಳ್ಳಬಹುದು.

ಆ ತಟ್ಟೆಯ ಮೇಲೆ ಕೂರಿಸಿ ಹರಳನ್ನು ಉಜ್ಜುವ ಬಿಲ್ಲೆಗಳಾದ ಲ್ಯಾಪ್‌ಗಳ ವಿಷಯದಲ್ಲಿ ಮಾರುವವರು ಹೇಳುವಷ್ಟನ್ನೆಲ್ಲ ಕೊಳ್ಳಬೇಡಿ. 600, 1200 ಮತ್ತು 3000 ಗ್ರಿಟ್‌ನ (ಅಂಕಿ ಹೆಚ್ಚಿದಷ್ಟೂ ಪುಡಿ ನುಣುಪು) ವಜ್ರಪುಡಿಯ ಲ್ಯಾಪ್‌ಗಳು, ಜೊತೆಗೆ ಸ್ಫಟಿಕದ ಪಾಲಿಷ್‌ಗೆ ಒಂದು ಲ್ಯಾಪ್ ಮತ್ತು ಸೀರಿಯಂ ಆಕ್ಸೈಡ್ ಪುಡಿ, ಇಷ್ಟರಲ್ಲಿ ಒಂದು ವರ್ಷ ಕಳೆಯಬಹುದು. ಅವುಗಳನ್ನು ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸ. ಆಷಾಢದ ಗಾಳಿಯಲ್ಲಿ ನಮ್ಮ ದುರ್ಗದ ಮನೆಗಳೊಳಗೆ ಬಂದು ಕೂರುವ ಧೂಳಿನಲ್ಲಿ ಸ್ಫಟಿಕದಷ್ಟೇ ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಅಂಥ ಒಂದೇ ಕಣ ಪಾಲಿಷ್ ಲ್ಯಾಪ್ ಮೇಲೆ ಬಿದ್ದರೆ, ಇನ್ನೇನು ಮುಗಿಯಿತೆನ್ನುವ ಮುಖದ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ. ಪ್ರತಿ ಲ್ಯಾಪನ್ನೂ ಬೇರೆ ಬೇರೆ ಚೀಲದಲ್ಲಿ ಮುಚ್ಚಿಡಿ, ಪಾಲಿಷ್ ಮಾಡುವಾಗ ಕಿಟಕಿ ಹಾಕಿ. ಕೊರೆಯುವಾಗ ಲ್ಯಾಪ್ ಮೇಲೆ ಹನಿಸಲು ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಒಣಗಿ ಬಿಳಿ ಪೊರೆಯಾಗಿ, ಗೀರು ಯಾವುದು ಕಲೆ ಯಾವುದು ಎಂದು ತಿಳಿಯದಂತೆ ಮಾಡುತ್ತದೆ. ಹಾಗೆಂದು ಒಣಗಿದ ಲ್ಯಾಪ್ ಮೇಲೆ ಎಂದೂ ಕೊರೆಯಬೇಡಿ, ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೇಡು.

ಕಲಿಕೆಯ ಸಾಮಗ್ರಿಗೆ ನನ್ನ ಅಳತೆಗೋಲು ಒಂದೇ. ಒಳ್ಳೆಯ ವಿನ್ಯಾಸಪಟ ತಾನು ಯಾವ ವಕ್ರೀಭವನಾಂಕದ ಹರಳಿಗಾಗಿ ತಯಾರಾಯಿತು, ಗೇರ್ ಎಷ್ಟು ಹಲ್ಲಿನದು, ಮುಖಗಳನ್ನು ಯಾವ ಕ್ರಮದಲ್ಲಿ ಕೊರೆಯಬೇಕು ಮತ್ತು ಪ್ರತಿ ಹಂತದಲ್ಲಿ ಯಾವ ಬಿಂದುವಿಗೆ ತಂದು ನಿಲ್ಲಿಸಬೇಕು ಎಂಬುದನ್ನು ಹೇಳುತ್ತದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಪಟ ಆರಂಭಿಕರಿಗಲ್ಲ. ಉದಾಹರಣೆಗೆ, 57 ಮುಖಗಳ ದುಂಡು ಬ್ರಿಲಿಯಂಟ್‌ನಲ್ಲಿ ತಳದ ಎಂಟು ಮುಖ್ಯ ಮುಖಗಳು 96 ಹಲ್ಲಿನ ಗೇರ್‌ನಲ್ಲಿ 96 (ಇದೇ ಸೊನ್ನೆಯ ಜಾಗ), 12, 24, 36 ಎಂದು ಹನ್ನೆರಡು ಹಲ್ಲಿಗೊಂದರಂತೆ ಬರುತ್ತವೆ, ಅವುಗಳ ನಡುವಿನ ಸಣ್ಣ ಮುಖಗಳು 3, 9, 15, 21 ಎಂದು ಸಾಗುತ್ತವೆ. ಇದನ್ನು ಕಾಗದದ ಮೇಲೆ ವೃತ್ತ ಬರೆದು ಗುರುತಿಸಲು ಬಂದರೆ ಪಟ ಓದಲು ಬಂದಂತೆ. ಜೆಮ್‌ಕ್ಯಾಡ್‌ನಂಥ ತಂತ್ರಾಂಶ ಕೋನ ಬದಲಿಸಿದಾಗ ಏನಾಗುತ್ತದೆಂದು ತೋರಿಸುತ್ತದೆ, ಆದರೆ ಅದು ಎರಡನೆಯ ವರ್ಷದ ಪಾಠ. ವಿಡಿಯೋಗಳಲ್ಲಿ, ತಪ್ಪಿದ ಮುಖವನ್ನು ಮತ್ತೆ ಸರಿಪಡಿಸುವುದನ್ನು ತೋರಿಸದವನ್ನು ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ.

ಮೊದಲ ಕಚ್ಚಾ ಹರಳಿಗೆ 10ರಿಂದ 12 ಮಿಲಿಮೀಟರ್ ಅಗಲದ ಬಿಳಿ ಸ್ಫಟಿಕ ಅಥವಾ ಅಮೆಥಿಸ್ಟ್ ತನ್ನಿ. ಬೇರೆ ಹರಳುಗಳು ಮೊದಲಿಗೆ ಬೇಡ. ಪುಷ್ಯರಾಗಕ್ಕೆ (ಟೊಪಾಜ್) ಅಡ್ಡಲಾಗಿ ಸೀಳುವ ಗುಣವಿರುವುದರಿಂದ ಅದರ ಮೇಲ್ಮುಖವನ್ನು ಸೀಳುತಲಕ್ಕೆ ಕೆಲವು ಡಿಗ್ರಿ ಓರೆಯಾಗಿಡದಿದ್ದರೆ ಪಾಲಿಷ್ ಹಿಡಿಯುವುದೇ ಇಲ್ಲ. ನೀಲ, ಮಾಣಿಕ್ಯಗಳ ಗಡಸುತನ ಮೋಸ್ ಮಾನದಲ್ಲಿ 9, ಅವು ಸೀರಿಯಂಗೆ ಬಗ್ಗುವುದಿಲ್ಲ. ಆ ಮೊದಲ ಸ್ಫಟಿಕದ ಎಂಟು ಮುಖಗಳು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್‌ನಡಿ (ಸಣ್ಣ ಭೂತಗನ್ನಡಿ) ಒಂದೇ ಬಿಂದುವಿನಲ್ಲಿ ಕೂಡುವವರೆಗೆ ಅದನ್ನೇ ಇಷ್ಟಿಷ್ಟೇ ಕೆಳಗಿಳಿಸಿ ಮತ್ತೆ ಕೊರೆಯಿರಿ. ಕೊನೆಗೆ ಉಳಿಯುವುದು ಜೋಳದ ಕಾಳಿನಷ್ಟು ಹರಳಾದರೂ ಪರವಾಗಿಲ್ಲ.