16ನೇ ಕಿಲೋಮೀಟರಿನ ಸದ್ದು

ಬೆಳಿಗ್ಗೆ ಆರಕ್ಕೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುವಾಗ ಹಕ್ಕಿಗಳ ಗದ್ದಲ ಬಿಟ್ಟರೆ ಕೇಳಿಸುವುದು ನಮ್ಮ ಹೆಜ್ಜೆಯ ಸದ್ದೊಂದೇ. ನನ್ನ ಎಡಗಾಲು ಬಲಗಾಲಿಗಿಂತ ಜೋರಾಗಿ ಬಡಿಯುತ್ತಿದೆ ಎಂದು ಗೊತ್ತಾದದ್ದು ಹಾಗೆಯೇ. ಮೊದಲ 10 ಕಿಲೋಮೀಟರು ಎರಡೂ ಒಂದೇ ಸಮ. 16 ದಾಟಿದರೆ ಎಡಗಡೆಯದು ಟಪ್, ಟಪ್. ಅರ್ಧ ಮ್ಯಾರಥಾನಿನಲ್ಲಿ ಆಮೇಲೂ ಐದು ಕಿಲೋಮೀಟರು ಉಳಿದಿರುತ್ತದೆ. ಉಸಿರಿತ್ತು, ಕಾಲಿರಲಿಲ್ಲ.

ಹೊಟ್ಟೆ ಗಟ್ಟಿಯಾದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಮೂರು ತಿಂಗಳು ದಿನವೂ ಪ್ಲ್ಯಾಂಕ್ ಮಾಡಿದೆ: ಬೋರಲಾಗಿ, ಮೊಣಕೈ ಮತ್ತು ಕಾಲ್ಬೆರಳ ಮೇಲೆ ಮೈಯನ್ನು ನೆಟ್ಟಗೆ ಹಿಡಿಯುವುದು. 3 ನಿಮಿಷ ಅಲುಗಾಡದೆ ಇರುವುದು ಬಂತು. ಓಟ ಇದ್ದಲ್ಲೇ ಇತ್ತು. ಓಡುವಾಗ ನೆಲದಲ್ಲಿರುವುದು ಒಂದೇ ಕಾಲು, ಅದರ ಮೇಲೆ ಬೀಳುವುದು ಮೈತೂಕದ ಎರಡು, ಎರಡೂವರೆ ಪಟ್ಟು ಭಾರ. ಬೋರಲು ಮಲಗಿ ಸಂಪಾದಿಸಿದ ಬಲ ಅಷ್ಟಕ್ಕೆ ಸಾಲದು.

ಕೊನೆಗೆ ಗರಡಿಮನೆಗೆ ಹೋದೆ. ನಲವತ್ತು ಬಸ್ಕಿಗೇ ತೊಡೆ ನಡುಗಿತು. “ಇಷ್ಟು ದಿನ ಯಾರ ಕಾಲಿನಲ್ಲಿ ಓಡುತ್ತಿದ್ದಿರಿ ಸ್ವಾಮಿ?” ಎಂದರು ಉಸ್ತಾದರು. ಬಸ್ಕಿ ರೂಢಿಯಾದ ಮೇಲೆ ನಾನು ಲೆಕ್ಕ ಏರಿಸಲಿಲ್ಲ, ಭಾರ ಏರಿಸಿದೆ: ವಾರಕ್ಕೆರಡು ದಿನ, ಹೆಗಲ ಮೇಲೆ ಭಾರ ಹೊತ್ತು ಐದೈದು ಸಲ ಕುಳಿತೇಳುವುದು, ಮೂರು ಸುತ್ತು. ನೂರು ಬಸ್ಕಿ ಕೊಡುವ ದಮ್ಮು ಓಟಗಾರನಿಗೆ ಓಟದಲ್ಲೇ ಸಿಗುತ್ತದೆ. ಮನೆಯಲ್ಲಿ ಬೆನ್ನಿನ ಚೀಲಕ್ಕೆ 10 ಕೆ.ಜಿ. ಅಕ್ಕಿ ತುಂಬಿ, ಮೆಟ್ಟಿಲಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿದೆ. ಬಲಗಾಲು 14 ಸಲ ಎತ್ತಿತು, ಎಡಗಾಲು ಎಂಟಕ್ಕೇ ಸೋತಿತು. ಟಪ್ ಸದ್ದಿನ ಗುಟ್ಟು ಅಲ್ಲಿತ್ತು.

ಒಂದು ಪೆದ್ದುತನವನ್ನೂ ಮಾಡಿದೆ. ಶುಕ್ರವಾರ ಭಾರ ಹೊತ್ತು, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದೆ. ಭಾರ ಹೊತ್ತ ಮೇಲಿನ ಸ್ನಾಯುನೋವು ಎರಡನೆಯ ದಿನವೇ ಹೆಚ್ಚು. ದಾರಿಯ ನಂದಿ ವಿಗ್ರಹದವರೆಗೆ ಹೇಗೋ ಹೋದವನು, ಅಡ್ಡಡ್ಡ ಹೆಜ್ಜೆಯಿಟ್ಟು ಇಳಿದೆ. ಮಂಡಿಯೂರಿ ಕುಂಕುಮ ಹಚ್ಚುತ್ತ ಹತ್ತುತ್ತಿದ್ದ ಅಜ್ಜಿಯೊಬ್ಬರು ನನ್ನನ್ನು ಕನಿಕರದಿಂದ ನೋಡಿದರು. ಈಗ ಭಾರಕ್ಕೆ ಸೋಮವಾರ, ಗುರುವಾರ.

ಹನ್ನೆರಡು ವಾರಗಳ ಮೇಲೂ ಏದುಸಿರು ಹಾಗೆಯೇ ಇತ್ತು; ಭಾರ ಎತ್ತಿದರೆ ಶ್ವಾಸಶಕ್ತಿ ಅಷ್ಟೇನೂ ಬೆಳೆಯುವುದಿಲ್ಲ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಬಿಗಿಯಾಗಿ ಸ್ಪ್ರಿಂಗಿನಂತೆ ಪುಟಿಯುವುದರಿಂದ, ಅದೇ ವೇಗಕ್ಕೆ ಶಕ್ತಿಯ ಖರ್ಚು ಕಡಿಮೆ, ಅಷ್ಟೆ. ಅರ್ಧ ಮ್ಯಾರಥಾನಿನ ನನ್ನ ಸಮಯ 4 ನಿಮಿಷ ಇಳಿಯಿತು. ಅದರಲ್ಲಿ ಡಿಸೆಂಬರಿನ ಚಳಿಯ ಪಾಲೂ ಇದ್ದೀತು.

ಮೊನ್ನೆ 19ನೇ ಕಿಲೋಮೀಟರಿನಲ್ಲಿ ಕಿವಿಗೊಟ್ಟು ಕೇಳಿದೆ. ಟಪ್ ಇತ್ತು, ಸಣ್ಣಗೆ. ಹಿಮ್ಮಡಿಯ ಲೆಕ್ಕದಲ್ಲಿ ಎಡಗಾಲು ಇನ್ನೂ ಎರಡು ಹಿಂದಿದೆ.