ತಂಡ ಸೋತರೂ ಮ್ಯಾನೇಜರ್ ಯಾಕೆ ಉಳಿಯುತ್ತಾರೆ? ಮಾಲೀಕರ ಲೆಕ್ಕ ಓದುವುದು ಹೀಗೆ

ಶನಿವಾರ ರಾತ್ರಿಯ ಇಂಗ್ಲಿಷ್ ಫುಟ್ಬಾಲ್ ಮ್ಯಾಚ್ ಮುಗಿದರೆ ಉಪ್ಪಳದ ಚಹಾದಂಗಡಿಯಲ್ಲಿ ಒಂದೇ ಮಾತು: "ಈ ಮ್ಯಾನೇಜರನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?" ತೃಕ್ಕರಿಪುರದ ಕಡೆ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್ಬಾಲ್, ನೋಡಿ ಬೆಳೆದವರಿಗೆ ಈ ಸಿಟ್ಟು ಸಹಜ. ಸೆವೆನ್ಸ್‌ನಲ್ಲಿ ಈ ವಾರ ಸರಿಯಾಗಿ ಆಡದವನನ್ನು ಮುಂದಿನ ವಾರ ಯಾರೂ ಕರೆಯುವುದಿಲ್ಲ. ಇಂಗ್ಲೆಂಡಿನ ಕ್ಲಬ್‌ಗಳಲ್ಲಿ ಹಾಗಲ್ಲ. ಅಲ್ಲಿ ಮ್ಯಾನೇಜರ್, ಅಂದರೆ ತಂಡ ಆಡಿಸುವ ಮುಖ್ಯ ಕೋಚ್, ಉಳಿಯುವ ಮಾತು ಬಂದರೆ ಸೋಲಿಗಿಂತ ಮೊದಲು ದುಡ್ಡಿನ ಲೆಕ್ಕ ಬರುತ್ತದೆ. ನಾನದನ್ನು ಕಲಿತದ್ದು ನ್ಯೂಕಾಸಲ್ ಯುನೈಟೆಡ್ ನೋಡಿ.

ಮೊದಲು ಕರಾರು ಎಷ್ಟು ವರ್ಷದ್ದು ಅಂತ ನೋಡಿ. 2012ರಲ್ಲಿ ಮಾಲೀಕ ಮೈಕ್ ಆ್ಯಶ್ಲಿ ಅವರ ಕ್ಲಬ್ ಮ್ಯಾನೇಜರ್ ಅಲನ್ ಪಾರ್ಡ್ಯೂಗೆ 8 ವರ್ಷದ ಕರಾರು ಕೊಟ್ಟಿತು. ತಂಡ ಆಗಷ್ಟೇ 5ನೇ ಸ್ಥಾನದಲ್ಲಿ ಲೀಗ್ ಮುಗಿಸಿತ್ತು. ಎರಡೇ ವರ್ಷದಲ್ಲಿ ಅಭಿಮಾನಿಗಳು ಪಾರ್ಡ್ಯೂ ಹೋಗಲಿ ಎಂದು ಫಲಕ ಹಿಡಿದರು. ಆ್ಯಶ್ಲಿ ಅಲುಗಾಡಲಿಲ್ಲ. ಕಳಿಸಿದರೆ ಪರಿಹಾರ ತಾವೇ ಕೊಡಬೇಕಲ್ವಾ? ಕೊನೆಗೆ 2015ರ ಜನವರಿಯಲ್ಲಿ ಪಾರ್ಡ್ಯೂ ಕ್ರಿಸ್ಟಲ್ ಪ್ಯಾಲೇಸ್‌ಗೆ ಹೋದರು. ಪರಿಹಾರದ ಹಣ ಪ್ಯಾಲೇಸ್‌ನಿಂದ ನ್ಯೂಕಾಸಲ್‌ಗೇ ಬಂತು.

ಆಮೇಲೆ ಅಂಕಪಟ್ಟಿಯ ಬುಡ ನೋಡಿ. ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ 3 ತಂಡಗಳು ಕೆಳಗಿನ ಲೀಗ್‌ಗೆ ಇಳಿಯುತ್ತವೆ. ಅದರ ಮೇಲೆ ನಿಂತರೆ ಸಾಕು, ಟಿವಿ ದುಡ್ಡು ಭದ್ರ. 2016-17ರಲ್ಲಿ ಕಟ್ಟಕಡೆಯ ತಂಡಕ್ಕೂ 9 ಕೋಟಿ ಪೌಂಡ್‌ಗಿಂತ ಜಾಸ್ತಿ ಸಿಕ್ಕಿತು. ಹಾಗಾಗಿ ತಂಡ 15ನೇ ಸ್ಥಾನದಲ್ಲಿದ್ದರೂ ಮಾಲೀಕರಿಗೆ ನಿದ್ದೆ ಬರುತ್ತದೆ. ನ್ಯೂಕಾಸಲ್ ಎಚ್ಚೆತ್ತಾಗ ತಡವಾಗಿತ್ತು. 2016ರ ಮಾರ್ಚ್‌ನಲ್ಲಿ, 10 ಪಂದ್ಯ ಉಳಿದಿರುವಾಗ, ಸ್ಟೀವ್ ಮೆಕ್ಲಾರೆನ್ ಹೋಗಿ ರಫಾ ಬೆನಿಟೆಜ್ ಬಂದರು. ಬರೀ 2 ಅಂಕದಿಂದ ತಂಡ ಕೆಳಗಿಳಿಯಿತು. ಅದೂ ಟಿವಿ ಹಣ ಭಾರೀ ಏರುವ ಹೊತ್ತಿಗೇ! ಒಂದು ತಿಂಗಳು ಮುಂಚೆ ಬದಲಿಸಿದ್ದರೆ ಉಳಿಯುತ್ತಿತ್ತು ಅಂತಲೇ ನನ್ನ ನಂಬಿಕೆ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೆಯದು, ಮಾಲೀಕರಿಗೆ ಕ್ಲಬ್ ಮಾರುವ ಯೋಚನೆ ಇದೆಯಾ? ಅಡಿಕೆ ತೋಟ ಮಾರಲು ಹೊರಟವನು ಬುಡ ಬಿಡಿಸಿ ಗೊಬ್ಬರ, ಸೊಪ್ಪು ಹಾಕುವುದಿಲ್ಲ. ಕೊಳೆರೋಗ ಬಾರದಂತೆ ಒಂದು ಸಲ ಮದ್ದು ಬಿಡುತ್ತಾನೆ, ಅಷ್ಟೆ. ಆ್ಯಶ್ಲಿಯವರ ಕೊನೆಯ ವರ್ಷಗಳು ನನಗೆ ಹಾಗೇ ಕಂಡವು. 2021ರ ಅಕ್ಟೋಬರ್ 7ರಂದು ಕ್ಲಬ್ ಸೌದಿ ಸರ್ಕಾರದ ಹೂಡಿಕೆ ನಿಧಿಯ ನೇತೃತ್ವದ ಗುಂಪಿನ ಪಾಲಾಯಿತು. ಅಕ್ಟೋಬರ್ 20ಕ್ಕೆ ಮ್ಯಾನೇಜರ್ ಸ್ಟೀವ್ ಬ್ರೂಸ್ ಹೊರಗೆ. ಸೋಲು ಮೊದಲೂ ಇತ್ತು. ಖರ್ಚು ಮಾಡಲು ಸಿದ್ಧರಿದ್ದವರು ಬಂದದ್ದು ಆಗ.

ಇನ್ನು ಸುಮ್ನೆ ಊಹೆ ಬೇಡ, ಲೆಕ್ಕಪತ್ರವನ್ನೇ ತೆರೆಯಿರಿ. ಬ್ರಿಟನ್ನಿನ ಕಂಪನಿ ನೋಂದಣಿ ಕಚೇರಿ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಕ್ಲಬ್‌ಗಳ ವಾರ್ಷಿಕ ಲೆಕ್ಕ ಉಚಿತವಾಗಿ ಸಿಗುತ್ತದೆ. ಅದರಲ್ಲಿ 'ಎಕ್ಸೆಪ್ಷನಲ್ ಐಟಮ್ಸ್' (ಮಾಮೂಲಿಯಲ್ಲದ ಬಾಬ್ತು) ಎಂಬ ಸಾಲು ಹುಡುಕಿ. ಮ್ಯಾನೇಜರನ್ನು ಕಳಿಸಿದ ಖರ್ಚು ಹೆಚ್ಚಾಗಿ ಅಲ್ಲೇ ಇರುತ್ತದೆ. ಮ್ಯಾಂಚೆಸ್ಟರ್ ಯುನೈಟೆಡ್ 2024ರ ಜುಲೈಯಲ್ಲಿ ಎರಿಕ್ ಟೆನ್ ಹಾಗ್ ಅವರ ಕರಾರನ್ನು 2026ರವರೆಗೆ ಎಳೆಯಿತು. ಅಕ್ಟೋಬರ್‌ನಲ್ಲೇ ಅವರನ್ನು ಕಳಿಸಿತು. ಅವರಿಗೂ ಅವರ ಸಹಾಯಕರಿಗೂ ಸೇರಿ ಆದ ಖರ್ಚು 1.04 ಕೋಟಿ ಪೌಂಡ್. ನಿಮ್ಮ ತಂಡದ ಮ್ಯಾನೇಜರ್ ಕರಾರು ಯಾವ ತಿಂಗಳು ಮುಗಿಯುತ್ತದೆ ಅಂತ ಇದರ ಪಕ್ಕದಲ್ಲೇ ಬರೆದಿಟ್ಟುಕೊಳ್ಳಿ.